ಬೊಗಸೆಗೆ ಬೀಳುವ ರೊಟ್ಟಿ

ಅಮೃತಸರಕ್ಕೆ ಹೋಗಿಬಂದವರು ಚಿನ್ನದ ಗುಮ್ಮಟದ ಫೋಟೊ ತೋರಿಸುತ್ತಾರೆ. ನನ್ನನ್ನು ಕೇಳಿದರೆ ಸ್ವರ್ಣಮಂದಿರದಲ್ಲಿ ನೋಡಲೇಬೇಕಾದ್ದು ಲಂಗರಿನ, ಅಂದರೆ ಎಲ್ಲರಿಗೂ ಉಚಿತವಾದ ಪಂಕ್ತಿಯೂಟದ, ಅಡುಗೆಮನೆ. ದಿನಕ್ಕೆ 50,000ಕ್ಕೂ ಹೆಚ್ಚು ಜನ ಪುಕ್ಕಟೆ ಉಣ್ಣುವ ಅಲ್ಲಿ ಹಗಲಿರುಳೂ ಒಲೆ ಆರುವುದಿಲ್ಲ. ದುಡಿಯುವವರಲ್ಲಿ ಬಹುಪಾಲು ಸಂಬಳವಿಲ್ಲದ ಸೇವಾದಾರರು.

ರೊಟ್ಟಿ ಮಾಡುವ ಯಂತ್ರಗಳೂ ಇವೆ. ಆದರೆ ಕೈರೊಟ್ಟಿಯ ಸಾಲಿನ ಸೊಗಸೇ ಬೇರೆ. ಒಬ್ಬರು ಉಂಡೆ ಕಟ್ಟಿದರೆ ಪಕ್ಕದವರು ಲಟ್ಟಿಸುತ್ತಾರೆ. ಅಗಲವಾದ ಕಬ್ಬಿಣದ ಹೆಂಚಿನ ಮುಂದೆ ಕೂತವರು ಉದ್ದ ಸಲಾಕೆಯ ತುದಿಯಿಂದ ಮಗುಚಿ, ಉಬ್ಬಿದ್ದೇ ತಡ ಎತ್ತಿ ಆಚೆ ಎಸೆಯುತ್ತಾರೆ. ಮಾತಿಲ್ಲ, ಗಡಿಬಿಡಿಯಿಲ್ಲ. ಪಂಕ್ತಿಯಲ್ಲಿ ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ; ಎರಡೂ ಕೈ ಚಾಚಿ ಪ್ರಸಾದದ ಹಾಗೆ ತೆಗೆದುಕೊಳ್ಳಬೇಕು. ಹಿಂದೆಯೇ ಬಕೆಟ್ ಹಿಡಿದು ಬರುವವನು ನಡಿಗೆ ನಿಲ್ಲಿಸದೆ, ಬಗ್ಗಿ, ಒಂದೇ ಸೌಟಿಗೆ ದಾಲ್ ಬಡಿಸಿ ಮುಂದೆ ಹೋಗುತ್ತಾನೆ. ನಮ್ಮ ಮದುವೆಮನೆಗಳಲ್ಲಿ ಪಂಚೆಯ ಮೇಲೆ ಸಾರು ಚೆಲ್ಲುವ ಹುಡುಗರನ್ನು ಒಮ್ಮೆ ಇಲ್ಲಿಗೆ ಕಳಿಸಬೇಕು!

ತನ್ನನ್ನು ಕಾಣಬಯಸುವವರು ಮೊದಲು ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂದು 16ನೇ ಶತಮಾನದಲ್ಲೇ ಸಿಖ್ಖರ ಗುರು ಅಮರದಾಸರು ಕಟ್ಟು ಮಾಡಿದ್ದರು. ಇಂದಿಗೂ ಕೂಲಿಯವನೂ ಕಾರಿನವನೂ ಒಂದೇ ಚಾಪೆ. ಉಂಡಾದ ಮೇಲೆ ತಟ್ಟೆ ತೊಳೆಯುವ ತೊಟ್ಟಿಯ ಮುಂದೆಯೂ ಅಷ್ಟೇ. ಸ್ಟೀಲಿನ ಆ ಗದ್ದಲದಲ್ಲಿ ಯಾರು ಯಾರೆಂದು ಕೇಳುವವರಿಲ್ಲ.

ಹೋದರೆ ಉಂಡು ಎದ್ದು ಬರಬೇಡಿ. ತಲೆಗೆ ಬಟ್ಟೆ ಕಟ್ಟಿಕೊಂಡು ಬೆಳ್ಳುಳ್ಳಿ ಸುಲಿಯುವವರ ನಡುವೆ ಕೂರಿ, ಜಾಗ ಬಿಡುತ್ತಾರೆ. ಅಮೃತಸರ ದೂರವಾದರೆ, ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಗುರುದ್ವಾರದಲ್ಲೂ ಲಂಗರ್ ನಡೆಯುತ್ತದೆ.