ಹೇಂಟೆ ಹುಡುಕುವ ಮರೆ

ಮೊಟ್ಟೆ ಇಡುವ ಹೊತ್ತಾದ ಹೇಂಟೆಯನ್ನು ಒಂದು ದಿನ ಹಿಂಬಾಲಿಸಿ ನೋಡಿ. ಬೆಳಗಿನ ಕಾಳು ತಿಂದಾದ ಮೇಲೆ ಸದ್ದಿಲ್ಲದೆ ಗುಂಪು ಬಿಡುತ್ತದೆ. ಕತ್ತು ಚಾಚಿ ಮೂಲೆ ಮೂಲೆ ಇಣುಕುತ್ತದೆ. ಒಂದು ಸಂದಿಗೆ ನುಗ್ಗುತ್ತದೆ, ಹೊರಗೆ ಬರುತ್ತದೆ, ಮತ್ತೆ ನುಗ್ಗುತ್ತದೆ. ಕೊನೆಗೆ ಒಂದು ಕಡೆ ಕೂತು, ಎದೆಯಿಂದ ಕಸ ಒತ್ತಿ, ಸುತ್ತ ತಿರುಗಿ ಗುಳಿ ಮಾಡಿಕೊಳ್ಳುತ್ತದೆ. ಬಿದಿರುಮೆಳೆಯ ಬುಡದಲ್ಲಿ, ಪೊದೆಯ ಅಡಿಯಲ್ಲಿ ನೆಲ ಕೆದರಿ ಮೊಟ್ಟೆ ಇಡುವ ಕಾಡುಕೋಳಿ ಮಾಡುವುದೂ ಇದನ್ನೇ. ಸಾವಿರಾರು ವರ್ಷ ಮನೆಯಲ್ಲಿ ಸಾಕಿದರೂ ಈ ಹುಡುಕಾಟ ಹೋಗಿಲ್ಲ.

ಕಳೆದ ಬೇಸಿಗೆಯಲ್ಲಿ ವಿಜಯವಾಡದ ಭವಾನಿಪುರಂನಲ್ಲಿರುವ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದೆ. ಹೊಳೆಯ ಕಡೆ ನಡೆದರೆ ಪುನ್ನಮಿ ಘಾಟ್, ಎದುರಿಗೆ ಭವಾನಿ ದ್ವೀಪ. ಆಲಮಟ್ಟಿ, ನಾರಾಯಣಪುರ ದಾಟಿ ಬಂದ ನಮ್ಮ ಕೃಷ್ಣೆ ಅಲ್ಲಿ ಪ್ರಕಾಶಂ ಬ್ಯಾರೇಜಿನ ಹಿಂದೆ ತುಂಬಿ ನಿಂತಿರುತ್ತಾಳೆ. ಅಕ್ಕನ ಹಿತ್ತಲಲ್ಲಿ ಆರು ಹೇಂಟೆ: ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ತಳಿಯಾದ ವನರಾಜ ನಾಲ್ಕು, ನಾಟಿ ಎರಡು. ಭಾವ ಬಡಗಿಯಿಂದ ಒಳ್ಳೆಯ ಪೆಟ್ಟಿಗೆಗಳನ್ನು ಮಾಡಿಸಿ ಮನೆಯ ಪಡುವಣ ಗೋಡೆಗೆ, ನಲ್ಲಿಯ ಪಕ್ಕದಲ್ಲೇ, ಎದೆಮಟ್ಟಕ್ಕೆ ಹೊಡೆಸಿದ್ದರು. ಮೊಟ್ಟೆ ತೆಗೆಯಲು ಯಾರೂ ಬಗ್ಗಬೇಕಿರಲಿಲ್ಲ.

"ಎರಡು ತಿಂಗಳಾಯ್ತು ಕಣೋ, ಅದರೊಳಗೆ ಒಂದು ಮೊಟ್ಟೆಯೂ ಬಿದ್ದಿಲ್ಲ" ಎಂದಳು ಅಕ್ಕ. ಕೋಳಿಗಳು ಮೊಟ್ಟೆ ಇಡುತ್ತಿದ್ದುದು ಕಾಂಪೌಂಡಿನ ಮೂಲೆಯಲ್ಲಿ, ಬಳಸದೆ ಬಿಟ್ಟ ಒರಳುಕಲ್ಲಿನ ಹಿಂದೆ, ಒಣಗಿದ ತೆಂಗಿನ ಗರಿಗಳ ಅಡಿಯಲ್ಲಿ.

ಆ ಪೆಟ್ಟಿಗೆಗಳ ಮರಗೆಲಸದಲ್ಲಿ ಕುಂದಿರಲಿಲ್ಲ. ಒಂದಡಿ ಅಗಲ, ಒಂದಡಿ ಆಳ, ಒಂದಡಿಗಿಂತ ತುಸು ಹೆಚ್ಚು ಎತ್ತರ. ಆರು ಕೋಳಿಗೆ ಎರಡು. ನಾಲ್ಕೈದು ಹೇಂಟೆಗೆ ಒಂದು ಎಂಬ ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ತಪ್ಪಿದ್ದು ಜಾಗ. ನಮ್ಮ ಕೈಗೆ ಸುಲಭವಾಗಿ ಸಿಗುವ ಜಾಗವನ್ನು ನಾವು ಆರಿಸುತ್ತೇವೆ. ಯಾರ ಕಣ್ಣಿಗೂ ಬೀಳದ ಜಾಗವನ್ನು ಹೇಂಟೆ ಆರಿಸುತ್ತದೆ. ಪೆಟ್ಟಿಗೆ ಇಡುವವರು ಹೇಂಟೆಯ ಕಡೆಯಿಂದ ಯೋಚಿಸಬೇಕು.

ಮೊದಲನೆಯದು ಮಬ್ಬು. ಮೊಟ್ಟೆ ಬೀಳುವ ಗಳಿಗೆಯಲ್ಲಿ ಹೇಂಟೆಯ ದ್ವಾರದ ಒಳಪದರ ಕ್ಷಣಹೊತ್ತು ಹೊರಬಂದು ಕೆಂಪಗೆ ಕಾಣುತ್ತದೆ. ಬೆಳಕಿದ್ದರೆ ಜೊತೆಯ ಕೋಳಿಗಳು ಅದನ್ನು ಕುಕ್ಕುತ್ತವೆ. ರಕ್ತ ಕಂಡರೆ ಮತ್ತೆ ಕುಕ್ಕುತ್ತವೆ, ಒಮ್ಮೊಮ್ಮೆ ಜೀವವೇ ಹೋಗುತ್ತದೆ. ಹೇಂಟೆ ಮರೆ ಬಯಸುವುದು ಸುಮ್ಮನೆ ಅಲ್ಲ. ಪೆಟ್ಟಿಗೆಯ ಬಾಯಿ ಗೋಡೆಯ ಕಡೆಗೋ ಮೂಲೆಯ ಕಡೆಗೋ ತಿರುಗಿರಲಿ, ಬಾಯಿಗೆ ಗೋಣಿಚೀಲದ ತುಂಡು ಅರ್ಧಕ್ಕೆ ಇಳಿಬಿಟ್ಟಿರಲಿ. ನೀರು, ಮೇವು, ಜನರ ಓಡಾಟ ದೂರವಿರಲಿ.

ಎರಡನೆಯದು ಎತ್ತರ. ಕೋಳಿ ರಾತ್ರಿ ಮಲಗುವುದು ತನಗೆ ಸಿಕ್ಕ ಅತಿ ಎತ್ತರದ ಜಾಗದಲ್ಲಿ. ಆದ್ದರಿಂದ ಮೊಟ್ಟೆಪೆಟ್ಟಿಗೆ ಯಾವಾಗಲೂ ಮಲಗುವ ಅಡ್ಡಗೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ಅದರೊಳಗೇ ಮಲಗಿ ಹಿಕ್ಕೆಯಿಂದ ತುಂಬಿಸುತ್ತವೆ, ಬೆಳಗಿನ ಮೊಟ್ಟೆ ಕೊಳೆಯಾಗುತ್ತದೆ. ಪೆಟ್ಟಿಗೆಯ ಮಾಡು ಕಡಿದಾಗಿ ಇಳಿಜಾರಿದ್ದರೆ ಅದರ ಮೇಲೂ ಕೂರಲಾರವು. ವನರಾಜ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜದಂಥ ಭಾರದ ಕೋಳಿಗಳಿಗೆ ನೆಲದಿಂದ ಒಂದಡಿ ಸಾಕು. ಹಗುರ ಮೈಯ ನಾಟಿ ಹೇಂಟೆ ಮೂರಡಿಗೂ ಹಾರುತ್ತದೆ. ಬಾಗಿಲಿಗೆ ನಾಲ್ಕು ಬೆರಳಿನ ಹೊಸ್ತಿಲಿದ್ದರೆ ಹುಲ್ಲೂ ಮೊಟ್ಟೆಯೂ ಹೊರಗೆ ಉರುಳುವುದಿಲ್ಲ.

ಮೂರನೆಯದು ಬಿಸಿಲು. ವಿಜಯವಾಡದ ಮೇ ತಿಂಗಳಲ್ಲಿ ಪಾರಾ 45 ಡಿಗ್ರಿ ಮುಟ್ಟುವುದುಂಟು. ಕೋಳಿಯ ಮೈಬಿಸಿಯೇ ಸುಮಾರು 41 ಡಿಗ್ರಿ, ಅದಕ್ಕೆ ಬೆವರೂ ಇಲ್ಲ. ಸೆಕೆಯಾದರೆ ಕೊಕ್ಕು ತೆರೆದು ಏದುತ್ತದೆ. ಹಾಗೆ ಏದಿದಷ್ಟೂ ರಕ್ತದ ಇಂಗಾಲದ ಡೈಆಕ್ಸೈಡ್ ಕಳೆದುಹೋಗಿ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ. ಹುಂಜ ಇರುವ ಮನೆಯಲ್ಲಾದರೆ ಕಾದ ಪೆಟ್ಟಿಗೆಯೊಳಗೆ ಮೊಟ್ಟೆ ಅರೆಕಾವು ಪಡೆದು ಕೆಡುತ್ತದೆ. ಪಡುವಣ ಗೋಡೆಯಂತೂ ಇಳಿಹೊತ್ತಿನ ಬಿಸಿಲನ್ನು ಕುಡಿದು ರಾತ್ರಿಯವರೆಗೂ ಕಾದಿರುತ್ತದೆ. ನಮ್ಮ ಕಲಬುರಗಿ, ರಾಯಚೂರಿನವರಿಗೂ ಇದೇ ಮಾತು: ತಗಡು ಬೇಡ, ಮರವೋ ಬಿದಿರೋ ಇರಲಿ. ಬಾಯಗಲದ ಹಳೆಯ ಮಡಕೆಯನ್ನು ನೆರಳಲ್ಲಿ ಅಡ್ಡ ಮಲಗಿಸಿದರೂ ತಂಪು ಗೂಡಾಗುತ್ತದೆ. ಮರದ ಸಂದುಗಳಲ್ಲಿ ಉಣ್ಣಿ ಅಡಗುತ್ತದೆ. ಹುಲ್ಲನ್ನು ಆಗಾಗ ಬದಲಿಸಿ, ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಒಣಗಿಸಬೇಕು.

ವಿಜಯವಾಡದಂಥ ಊರಿಗೆ ಇನ್ನೊಂದು ಮಾತು ಸೇರಿಸಬೇಕು. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹಳ್ಳ ಉಕ್ಕಿ ಅಲ್ಲಿನ ಬಡಾವಣೆಗಳು ಮುಳುಗಿದವು. ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು. ಹೊಳೆ ಬದಿಯ ಊರಲ್ಲಿ ಪೆಟ್ಟಿಗೆಯನ್ನು ಮೊಳೆ ಹೊಡೆದು ಬಿಗಿಯಬಾರದು, ಕೊಕ್ಕೆಗೆ ಸಿಕ್ಕಿಸಬೇಕು. ನೀರು ಬರುವ ಸುದ್ದಿ ಬಂದರೆ ಕಿತ್ತು ತಾರಸಿಗೆ ಒಯ್ಯಬಹುದು.

ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ (ಎನ್‌ಇಸಿಸಿ) ದಿನವೂ ಪ್ರಕಟಿಸುವ ಮೊಟ್ಟೆ ದರದ ಪಟ್ಟಿಯಲ್ಲಿ ವಿಜಯವಾಡವೂ ಇದೆ, ನಮ್ಮ ಹೊಸಪೇಟೆಯೂ ಇದೆ. ಅಂಗಡಿಗೆ ಬರುವ ಮೊಟ್ಟೆಗಳಲ್ಲಿ ಹೆಚ್ಚಿನವು ಪಂಜರದ ಇಳಿಜಾರು ತಂತಿಯ ಮೇಲೆ ಬಿದ್ದು ಉರುಳಿ ಬಂದವು. ಆ ಕೋಳಿಗೆ ಮರೆಯೂ ಇಲ್ಲ, ಹುಲ್ಲೂ ಇಲ್ಲ. ಗೂಡು ತಲುಪಲು ಹೇಂಟೆ ಭಾರದ ಬಾಗಿಲನ್ನೂ ದೂಡಿಕೊಂಡು ಹೋಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಯುರೋಪಿನ ಒಕ್ಕೂಟ ಬೋಳು ಪಂಜರಗಳನ್ನು 2012ರಿಂದ ನಿಷೇಧಿಸಿ, ಮೊಟ್ಟೆ ಇಡುವ ಕೋಳಿಗೆ ಗೂಡು ಇರಲೇಬೇಕೆಂದು ಕಾನೂನು ಮಾಡಿತು. ಹಿತ್ತಲಲ್ಲಿ ಸಾಕುವ ನಮಗೆ ಕಾನೂನು ಬೇಕಿಲ್ಲ, ಒಂದು ಬೆಳಗಿನ ಗಮನ ಸಾಕು.

ಭಾವ ಪೆಟ್ಟಿಗೆಗಳನ್ನು ಕಿತ್ತು, ಒರಳುಕಲ್ಲಿನ ಪಕ್ಕದ ನೆರಳಿಗೆ, ಒಂದಡಿ ಎತ್ತರಕ್ಕೆ, ಬಾಯಿ ಗೋಡೆಯ ಕಡೆಗೆ ಮಾಡಿ ತೂಗುಹಾಕಿದರು. ಒಳಗೆ ಒಣಹುಲ್ಲು ಹಾಸಿ, ದಾರಿ ತೋರಿಸಲು ಮೊಟ್ಟೆಯಂಥ ಒಂದೊಂದು ಸುಣ್ಣದ ಉಂಡೆ ಇಟ್ಟೆವು. ಬೆಳಗ್ಗೆ ಹತ್ತರವರೆಗೆ ಕೋಳಿಗಳನ್ನು ಆ ಮೂಲೆಯಲ್ಲೇ ಬಲೆ ಕಟ್ಟಿ ಬಿಟ್ಟೆವು. ಪಕ್ಕದ ಮನೆಯ ಅಮ್ಮಮ್ಮ ಬಂದು ನೋಡಿ, ಕಾವಿಗೆ ಕೂರುವ ಪೆಟ್ಟಕ್ಕೆ ಬೇರೆ ಗಂಪ ಇಡಿ ಎಂದರು. ಪೆಟ್ಟ ಎಂದರೆ ನಮ್ಮ ಹೇಂಟೆ, ಗಂಪ ಎಂದರೆ ಬುಟ್ಟಿ. ಕಾವು ಕೂತ ಕೋಳಿ 21 ದಿನ ಏಳುವುದಿಲ್ಲ, ಉಳಿದವಕ್ಕೆ ಜಾಗ ಕಟ್ಟುತ್ತದೆ ಎಂಬುದು ಅವರ ಕಾಳಜಿ.

ನಾಲ್ಕನೆಯ ದಿನ ಪೆಟ್ಟಿಗೆಯಲ್ಲಿ ಮೊದಲ ಮೊಟ್ಟೆ ಸಿಕ್ಕಿತು. ಮೊನ್ನೆ ಅಕ್ಕ ಫೋನು ಮಾಡಿದ್ದಳು. ಐದು ಹೇಂಟೆ ಪೆಟ್ಟಿಗೆಗೆ ಹೊಂದಿಕೊಂಡಿವೆ. ಕೆಂದು ಬಣ್ಣದ ನಾಟಿಯೊಂದು ಮಾತ್ರ ಈಗಲೂ ಒರಳುಕಲ್ಲಿನ ಹಿಂದಕ್ಕೇ ಹೋಗುತ್ತದಂತೆ. ಅಕ್ಕ ಅದನ್ನು ಅಟ್ಟಲಿಲ್ಲ. ಅಮ್ಮಮ್ಮ ಕೊಟ್ಟ ಗಂಪಕ್ಕೆ ಹುಲ್ಲು ತುಂಬಿ ಅಲ್ಲೇ ಇಟ್ಟಿದ್ದಾಳೆ.