ಅಡಿಗೆಯ ಮನೆಯಲ್ಲಿ ದೇವಸನ್ನಿಧಿ

ಭಕ್ತಿಗ್ರಂಥಗಳನ್ನು ಓದುವ ಗೃಹಸ್ಥರಿಗೆ ಒಂದು ಸಂದೇಹವು ಹುಟ್ಟುವುದು ಸಹಜ. ಅಲ್ಲಿ ವರ್ಣಿತವಾದ ಆನಂದವು ಏಕಾಂತದಲ್ಲಿ ಕುಳಿತವನಿಗೆ ಲಭಿಸೀತು; ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ, ಮಗು ಅಳುತ್ತಿರುವಾಗ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಅದರಿಂದೇನು ಪ್ರಯೋಜನ? ಕ್ರೈಸ್ತ ವಾಙ್ಮಯದಲ್ಲಿ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಗ್ರಂಥಗಳಲ್ಲಿ, ಫ್ರಾನ್ಸ್ ದೇಶದ ಸಹೋದರ ಲಾರೆನ್ಸನ ‘ದೇವಸನ್ನಿಧಿಯ ಅಭ್ಯಾಸ’ವೆಂಬ ಕಿರುಹೊತ್ತಗೆಯು ಮುಖ್ಯವಾದುದು. ಇದನ್ನು ಹೊಗಳುವವರು ಬಹು ಮಂದಿ. ಆದರೆ ಆ ಹೊಗಳಿಕೆಯಲ್ಲಿಯೇ ಗ್ರಂಥದ ತಿರುಳು ಮರೆಯಾಗಿದೆಯೆಂದು ನಮಗೆ ತೋರುತ್ತದೆ.

ಲಾರೆನ್ಸನು ಸುಮಾರು 1614ರಲ್ಲಿ ಲೊರೇನ್ ಪ್ರಾಂತದ ಒಂದು ಬಡ ಕುಟುಂಬದಲ್ಲಿ ಜನಿಸಿದನು. ಪೂರ್ವಾಶ್ರಮದ ಹೆಸರು ನಿಕೊಲಾ ಎರ್ಮಾನ್. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದ ಒಂದು ಬೋಳುಮರವನ್ನು ಕಂಡು, ಅದು ಮತ್ತೆ ಚಿಗುರಿ ಹೂತು ಫಲಿಸುವುದಷ್ಟೆ ಎಂದು ಯೋಚಿಸಿದಾಗ, ದೇವರ ಪೋಷಣೆಯ ಅರಿವು ಆತನಲ್ಲಿ ಒಮ್ಮೆಗೇ ಮೂಡಿತಂತೆ. ಅನಂತರ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಗಾಯಗೊಂಡನು. ಸಿರಿವಂತರೊಬ್ಬರ ಮನೆಯಲ್ಲಿ ಪರಿಚಾರಕನಾಗಿ, ಮುಟ್ಟಿದುದನ್ನೆಲ್ಲ ಒಡೆಯುವ ಒಡ್ಡನೆನಿಸಿಕೊಂಡನು. 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಸಂಘದ ಮಠವನ್ನು ಸೇರಿ, ಸುಮಾರು ಹದಿನೈದು ವರ್ಷ ಅಡಿಗೆಯ ಕೆಲಸವನ್ನೂ ಬಳಿಕ ಪಾದರಕ್ಷೆಗಳನ್ನು ಹೊಲಿಯುವ ಕೆಲಸವನ್ನೂ ಮಾಡಿ, 1691ರಲ್ಲಿ ತೀರಿಕೊಂಡನು. ತನ್ನ ಒಡ್ಡತನಕ್ಕೆ ಮಠದಲ್ಲಿ ತಕ್ಕ ಶಿಕ್ಷೆಯಾಗುವುದೆಂದು ನಂಬಿ ಬಂದಿದ್ದನಂತೆ. ಸುಖವಲ್ಲದೆ ಬೇರೇನೂ ದೊರೆಯದ ಕಾರಣ, ದೇವರು ತನ್ನನ್ನು ವಂಚಿಸಿದನೆಂದು ನಗುತ್ತಿದ್ದನು.

ವಸ್ತುತಃ ಲಾರೆನ್ಸನು ಪುಸ್ತಕವನ್ನು ಬರೆಯಲು ಕುಳಿತವನಲ್ಲ. ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು 1666 ಮತ್ತು 1667ರಲ್ಲಿ ಆತನೊಡನೆ ನಡೆಸಿದ ನಾಲ್ಕು ಸಂಭಾಷಣೆಗಳನ್ನು ಬರೆದಿಟ್ಟುಕೊಂಡು, ಆತನ ಮರಣಾನಂತರ, ಕೆಲವು ಪತ್ರಗಳನ್ನೂ ಸೂಕ್ತಿಗಳನ್ನೂ 1692ರಲ್ಲಿಯೂ ಸಂಭಾಷಣೆಗಳನ್ನು 1694ರಲ್ಲಿಯೂ ಪ್ರಕಟಿಸಿದನು. ಆದುದರಿಂದ ಇದರಲ್ಲಿ ಗ್ರಂಥರಚನೆಯ ಕ್ರಮವನ್ನು ಅಪೇಕ್ಷಿಸಲಾಗದು. ಹೇಳಿದ್ದನ್ನೇ ಹೇಳುವ ದೋಷವುಂಟು, ಅಲಂಕಾರಗಳು ಇಲ್ಲವೆನ್ನಬಹುದು. ಆದರೂ ಈ ಬಡತನವೇ ಗ್ರಂಥಕ್ಕೆ ಒಪ್ಪುತ್ತದೆ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚಿಹಾಕುವುದನ್ನೂ ನೆಲದ ಹುಲ್ಲುಕಡ್ಡಿಯನ್ನು ಎತ್ತುವುದನ್ನೂ ದೇವಪ್ರೀತಿಗಾಗಿ ಮಾಡುವೆನೆನ್ನುವವನ ಮಾತಿಗೆ ಜರಿಯ ಅಂಚು ಏತಕ್ಕೆ?

ಇದರ ಜೀವಾಳವು ಒಂದು ಪ್ರಯಾಣದ ಪ್ರಸಂಗದಲ್ಲಿದೆ. ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಂಡುತರಲು ಲಾರೆನ್ಸನನ್ನು ಬರ್ಗಂಡಿಗೆ ಕಳುಹಿಸಿದರು. ಆತನಿಗೆ ವ್ಯಾಪಾರವು ತಿಳಿಯದು. ಒಂದು ಕಾಲು ಕುಂಟು. ದೋಣಿಯಲ್ಲಿ ನಡೆದಾಡಲಾರದೆ, ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗಬೇಕಾಯಿತು. ಯಾತ್ರಾಸಾಹಿತ್ಯದಲ್ಲಿ ಪರ್ವತಗಳನ್ನೂ ಸೂರ್ಯಾಸ್ತಗಳನ್ನೂ ಕಂಡು ಭಕ್ತಿಪರವಶರಾದವರು ಎಷ್ಟೋ ಮಂದಿಯಿದ್ದಾರೆ. ಇಲ್ಲಿಯಾದರೋ ನದಿಯ ವರ್ಣನೆಯಿಲ್ಲ, ದ್ರಾಕ್ಷಿಯ ತೋಟಗಳ ಸೊಬಗಿಲ್ಲ. ಇದು ನಿನ್ನ ಕೆಲಸವೆಂದು ದೇವರಿಗೆ ಒಪ್ಪಿಸಿಬಿಟ್ಟೆನು, ಕೆಲಸವು ಚೆನ್ನಾಗಿಯೇ ಆಯಿತು ಎಂಬಿಷ್ಟೇ ವರದಿ. ಪ್ರಯಾಣವು ಹಿತವಾಗಿದ್ದುದರಿಂದ ಸಂತೋಷವು ಬಂದುದಲ್ಲ; ಅಹಿತವಾದ ಪ್ರಯಾಣಕ್ಕೆ ಸಂತೋಷವು ಜೊತೆಯಾಗಿ ಹೋಯಿತು. ಈ ಭೇದವನ್ನು ಗ್ರಹಿಸದವರಿಗೆ ಗ್ರಂಥವು ಅರ್ಥವಾಗದು.

ಅಡಿಗೆಯ ವಿಷಯದಲ್ಲಿಯೂ ಇದೇ ಮಾತು. ಲಾರೆನ್ಸನಿಗೆ ಅಡಿಗೆಯ ಕೆಲಸವು ಸ್ವಭಾವತಃ ಬೇಸರವಾದುದೆಂದು ಸಂಭಾಷಣೆಗಳಲ್ಲಿಯೇ ಹೇಳಿದೆ. ಪಾತ್ರೆಗಳ ಸದ್ದಿನ ನಡುವೆ, ಹಲವರು ಹಲವನ್ನು ಒಮ್ಮೆಗೇ ಕೇಳುತ್ತಿದ್ದಾಗಲೂ, ಪರಮಪ್ರಸಾದದೆದುರು ಮೊಣಕಾಲೂರಿದವನಷ್ಟೇ ಶಾಂತಿಯಿಂದಿದ್ದೆನೆಂದು ಹೇಳುವವನು ಆ ಬೇಸರವನ್ನು ಬಲ್ಲವನೇ. ಅದಕ್ಕೂ ಹಿಂದೆ ಹತ್ತು ವರ್ಷ ಆತನು ಅಂತರಂಗದಲ್ಲಿ ಬಹಳವಾಗಿ ನರಳಿದ್ದನು. ತಾನು ನರಕಕ್ಕೇ ಸಲ್ಲತಕ್ಕವನೆಂದು ನಾಲ್ಕು ವರ್ಷ ನಂಬಿದ್ದನು. ಈ ಕತ್ತಲೆಯನ್ನು ಬಿಟ್ಟು ಬೆಳಕನ್ನು ಮಾತ್ರ ಆರಿಸಿಕೊಂಡು ಅಚ್ಚುಮಾಡಿದ ಸಂಗ್ರಹಗಳು ಗ್ರಂಥಕ್ಕೆ ಅನ್ಯಾಯವನ್ನೇ ಮಾಡುತ್ತವೆ.

ಇನ್ನೊಂದು ಆಕ್ಷೇಪವನ್ನು ಮುಚ್ಚಿಡಬಾರದು. ಈ ಪುಸ್ತಕವನ್ನು ಕೈಯಲ್ಲಿ ಹಿಡಿದು, ಅಡಿಗೆಮನೆಯೇ ನಿನ್ನ ದೇವಾಲಯವೆಂದು ಮನೆಯ ಹೆಂಗಸರಿಗೆ ಉಪದೇಶಿಸುವ ಗಂಡಸರಿಲ್ಲದಿಲ್ಲ. ಲಾರೆನ್ಸನು ತಾನಾಗಿ ವ್ರತ ತೊಟ್ಟು ಸೇವೆಯನ್ನು ವರಿಸಿದವನು. ನಮ್ಮ ಮನೆಗಳಲ್ಲಿ ಹೊಗೆ ಕುಡಿಯುವವರನ್ನು ಯಾರೂ ಕೇಳಿರುವುದಿಲ್ಲ. ದುಡಿಮೆಯು ನ್ಯಾಯವಾಗಿ ಹಂಚಿಕೆಯಾಗಿದೆಯೇ ಎಂಬ ಪ್ರಶ್ನೆಯನ್ನು ಈ ಗ್ರಂಥವು ಎತ್ತುವುದೇ ಇಲ್ಲ. ಇದು ಇದರ ಮಿತಿ. ಆದರೆ ಒಂದನ್ನು ಗಮನಿಸಬೇಕು: ಇಲ್ಲಿ ಮಾತನಾಡುತ್ತಿರುವವನು ಅಡಿಗೆ ಮಾಡಿದವನು, ಉಂಡವನಲ್ಲ. ಬೇಯಿಸುವವನ ಬಾಯಿಂದ ಬಂದಾಗ ಈ ಮಾತು ಸಾಕ್ಷ್ಯ; ಉಣ್ಣುವವನ ಬಾಯಿಂದ ಬಂದಾಗ ಅದು ಬರಿಯ ಅನುಕೂಲ.

ಗ್ರಂಥದ ಭಾಗ್ಯವೂ ವಿಚಿತ್ರವಾದುದು. ಲಾರೆನ್ಸನನ್ನು ಆದರಿಸಿದ ಆರ್ಚ್‌ಬಿಷಪ್ ಫೆನೆಲೋನನ ಕೆಲವು ಸಿದ್ಧಾಂತಗಳನ್ನು ರೋಮಿನ ಪೋಪರು 1699ರಲ್ಲಿ ಖಂಡಿಸಿದ ಮೇಲೆ, ಸ್ವದೇಶದಲ್ಲಿ ಇದರ ಗೌರವವು ಕುಂದಿತು. ಇತ್ತ ಪ್ರಾಟೆಸ್ಟಂಟರು ಇದನ್ನು ಕಾಪಾಡಿದರು. ಇಂಗ್ಲೆಂಡಿನ ಜಾನ್ ವೆಸ್ಲಿಯು 1749ರಿಂದ 1755ರ ವರೆಗೆ ಪ್ರಕಟಿಸಿದ ತನ್ನ ಐವತ್ತು ಸಂಪುಟಗಳ ಕ್ರೈಸ್ತ ಗ್ರಂಥಮಾಲೆಯಲ್ಲಿ ಇದಕ್ಕೂ ಸ್ಥಳ ಕೊಟ್ಟನು. ಪಂಡಿತರು ವಾದಿಸುತ್ತಿದ್ದಾಗ ಅಡಿಗೆಯವನು ಸದ್ದಿಲ್ಲದೆ ಗಡಿಯನ್ನು ದಾಟಿದನು.

ಸಾಹಿತ್ಯದ ದೃಷ್ಟಿಯಿಂದ ಇದು ಮಹಾಗ್ರಂಥವೆಂದು ನಾವು ಹೇಳಲಾರೆವು. ಆದರೆ ನಿತ್ಯದ ಕೆಲಸವನ್ನು ಸಿಂಗರಿಸದೆ, ಅದರ ಬೇಸರವನ್ನು ಬಚ್ಚಿಡದೆ, ಅದರೊಳಗೇ ಆನಂದವನ್ನು ಕಂಡವನ ಮಾತು ಇದರಲ್ಲಿ ಕೇಳಿಬರುತ್ತದೆ. ವಾಚಕರು ಇದನ್ನು ಒಮ್ಮೆ ಓದಲಿ. ಓದಿದ ಗೃಹಸ್ಥರು ಉಪದೇಶಕ್ಕೆ ಮೊದಲು ಒಂದು ಹೊತ್ತಿನ ಪಾತ್ರೆಗಳನ್ನು ತಾವೇ ತೊಳೆದು ನೋಡಲಿ.