ಲೇಶ್ಯಾವೃಕ್ಷ: ಶಾಸ್ತ್ರದಿಂದ ಭಿತ್ತಿಗೆ

ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದಿಂದ ನದಿಯ ಜಾಡಿನಲ್ಲಿ ಕೆಳಗೆ ಸಾಗಿದರೆ ತಲಕಾಡು ಸಿಗುತ್ತದೆ. ಗಂಗರ ರಾಜಧಾನಿಯಾಗಿದ್ದ ಆ ಪಟ್ಟಣವನ್ನು ಇಂದು ಜನರು ಅಲ್ಲಿಯ ಮರಳಿನಿಂದ ಗುರುತಿಸುತ್ತಾರೆ. ಆದರೆ ಗಂಗರಾಜ್ಯದ ಒಂದು ನಿಧಿ ಮರಳಿನಲ್ಲಿ ಹೂಳಿಹೋಗಲಿಲ್ಲ. ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಅದು ಉಳಿದು ಬಂದಿತು. ಅದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ. ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನ ಪ್ರಶ್ನೆಗೆ ಉತ್ತರರೂಪವಾಗಿ ಈ ಗ್ರಂಥ ಹುಟ್ಟಿತೆಂಬುದು ಪರಂಪರೆಯ ಮಾತು.

ಆ ಪ್ರಶ್ನೆ ಕೇವಲ ಶಾಸ್ತ್ರಜಿಜ್ಞಾಸೆಯಾಗಿದ್ದಿತೆ? ಚಾವುಂಡರಾಯನ ಬಿರುದುಗಳನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಆತ ಸಮರಪರಶುರಾಮ, ವೀರಮಾರ್ತಂಡ, ಆತನೇ ಸಮ್ಯಕ್ತ್ವರತ್ನಾಕರ. ರಣರಂಗದಲ್ಲಿ ಕತ್ತಿ ಹಿಡಿದ ಕೈಯೇ 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಮುಗಿಸಿತು. ಇಂಥವನ ಬಾಳಿನಲ್ಲಿ 'ನನ್ನ ಆತ್ಮಕ್ಕೆ ಎಂಥ ಬಣ್ಣ ಹತ್ತಿದೆ?' ಎಂಬ ಪ್ರಶ್ನೆ ಪಾಠದ ಪ್ರಶ್ನೆಯಾಗಿ ಮಾತ್ರ ನಿಲ್ಲಲಾರದು. ಜೀವಕಾಂಡದ ಲೇಶ್ಯಾಮಾರ್ಗಣೆಯನ್ನು ಈ ಹಿನ್ನೆಲೆಯಲ್ಲಿ ಓದಿದಾಗ ಅದರ ಗಾಂಭೀರ್ಯ ಹೆಚ್ಚುತ್ತದೆ. ಕೃಷ್ಣಲೇಶ್ಯೆಯ ಲಕ್ಷಣಗಳಲ್ಲಿ ವೈರವನ್ನು ಬಿಡದಿರುವುದೂ ಒಂದೆಂದು ಆಚಾರ್ಯರು ಹೇಳಿದ್ದಾರೆ. ಅದನ್ನು ಆಲಿಸಿದ ಶ್ರಾವಕನು ಯುದ್ಧವನ್ನು ಕಂಡವನು ಎಂಬುದನ್ನು ಮರೆಯಬಾರದು.

ಶ್ರವಣಬೆಳ್ಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಈ ವಿಷಯ ಚಿತ್ರವಾಗಿದೆ. ಪಾರ್ಶ್ವನಾಥನ ಸಮವಸರಣ, ನಾಗಕುಮಾರನ ಚರಿತೆ, ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ದಸರಾ ದರಬಾರು ಇವುಗಳ ಜತೆಗೆ ಒಂದು ಅರಣ್ಯದೃಶ್ಯವೂ ಅಲ್ಲಿದೆ. ಹಣ್ಣು ತುಂಬಿದ ಮರ, ಅದನ್ನು ಆಶ್ರಯಿಸಿದ ಆರು ಜನ. ಅವರನ್ನು ಬಣ್ಣದಿಂದಲೂ ಕ್ರಿಯೆಯಿಂದಲೂ ಬೇರ್ಪಡಿಸಲಾಗಿದೆ. ಇದು ಲೇಶ್ಯೆಗಳ ಚಿತ್ರವೆಂಬುದನ್ನು ಆರ್. ನರಸಿಂಹಾಚಾರ್ಯರು 1923ರಲ್ಲಿ ಪ್ರಕಟವಾದ ಶ್ರವಣಬೆಳ್ಗೊಳ ಶಾಸನಸಂಪುಟದ ಪರಿಷ್ಕೃತ ಆವೃತ್ತಿಯಲ್ಲಿ ಗುರುತಿಸಿದರು. ಅಂದಿನಿಂದ ಈ ಚಿತ್ರವನ್ನು ಶಾಸ್ತ್ರದ ನೇರ ಅನುವಾದವೆಂದು ಉದಾಹರಿಸುವುದು ವಾಡಿಕೆಯಾಗಿದೆ. ಈ ವಾಡಿಕೆಯನ್ನು ಪುನಃ ಪರಿಶೀಲಿಸುವುದು ಅಗತ್ಯ. ಶಾಸ್ತ್ರವು ಹೇಳುವುದಕ್ಕೂ ಚಿತ್ರವು ತೋರಿಸುವುದಕ್ಕೂ ನಡುವೆ ಗಣನೀಯವಾದ ಅಂತರವಿದೆ. ಆ ಅಂತರದಲ್ಲಿ ಕಲೆಯ ಹಿರಿಮೆಯೂ ಇದೆ, ಅಪಾಯವೂ ಇದೆ.

ಮೊದಲು ಶಾಸ್ತ್ರ. ಜೀವನು ಯಾವುದರಿಂದ ತನ್ನನ್ನು ಪುಣ್ಯಪಾಪಗಳಿಂದ ಲಿಂಪಿಸಿಕೊಳ್ಳುವನೋ ಅದು ಲೇಶ್ಯೆ ಎಂಬುದು ಜೀವಕಾಂಡದ ನಿರುಕ್ತಿ. ಈ ಲೇಪನದ ಮಾತು ಚಿತ್ರಕಾರನ ಮಾತೂ ಹೌದು. ಕಷಾಯದ ಬಣ್ಣ ಹತ್ತಿದ ಯೋಗಪ್ರವೃತ್ತಿಯೇ ಭಾವಲೇಶ್ಯೆ. ಹೀಗೆ ಕಣ್ಣಿಗೆ ಕಾಣದ ಪರಿಣಾಮವನ್ನು ಹೇಳಹೊರಟ ಆಚಾರ್ಯರು ಮೊದಲ ಹೆಜ್ಜೆಯಲ್ಲಿಯೇ ಕಣ್ಣಿನ ಭಾಷೆಯನ್ನು ಸ್ವೀಕರಿಸಿದರು. ಆದರೆ ಅವರು ಆ ಭಾಷೆಯನ್ನು ಎಷ್ಟು ಎಚ್ಚರದಿಂದ ಬಳಸಿದರೆಂಬುದನ್ನು ಗಮನಿಸಬೇಕು. ಲೇಶ್ಯಾಮಾರ್ಗಣೆಯನ್ನು ನಿರ್ದೇಶ, ವರ್ಣ, ಪರಿಣಾಮ, ಸಂಕ್ರಮ, ಕರ್ಮ, ಲಕ್ಷಣ ಮೊದಲಾದ 16 ಅಧಿಕಾರಗಳಾಗಿ ವಿಂಗಡಿಸಿದೆ. ದುಂಬಿ, ನೀಲಮಣಿ, ಪಾರಿವಾಳ, ಚಿನ್ನ, ಕಮಲ, ಶಂಖ ಎಂಬ ಆರು ಉಪಮಾನಗಳು ಬರುವುದು ವರ್ಣಾಧಿಕಾರದಲ್ಲಿ. ಅಲ್ಲಿಯ ವಿಷಯ ದ್ರವ್ಯಲೇಶ್ಯೆ, ಎಂದರೆ ಶರೀರದ ಬಣ್ಣ. ಆರು ಜನ ಪಥಿಕರ ದೃಷ್ಟಾಂತ ಬರುವುದು ಕರ್ಮಾಧಿಕಾರದಲ್ಲಿ. ಅಲ್ಲಿಯ ವಿಷಯ ಭಾವಲೇಶ್ಯೆಯ ಪ್ರವೃತ್ತಿ. ಬಣ್ಣವೂ ಮರವೂ ಗ್ರಂಥದಲ್ಲಿ ಒಂದೇ ಕಡೆ ಸೇರುವುದಿಲ್ಲ. ಅವೆರಡನ್ನು ಒಂದೇ ಚೌಕಟ್ಟಿನೊಳಗೆ ತಂದವನು ಚಿತ್ರಕಾರ.

ಎರಡನೆಯ ವ್ಯತ್ಯಾಸ ಇನ್ನೂ ಸೂಕ್ಷ್ಮವಾದುದು. ಕಾಡಿನಲ್ಲಿ ದಾರಿತಪ್ಪಿದ ಆರು ಜನರು ಫಲಭರಿತವಾದ ಮರವನ್ನು ಕಾಣುತ್ತಾರೆ. ಬುಡಸಹಿತ ಕಿತ್ತು, ಕಾಂಡವನ್ನು ಕಡಿದು, ಕೊಂಬೆಗಳನ್ನು ಕಡಿದು, ಕಿರುಗೊಂಬೆಗಳನ್ನು ಮುರಿದು, ಹಣ್ಣನ್ನು ಮಾತ್ರ ಕೊಯ್ದು, ಉದುರಿದ ಹಣ್ಣನ್ನು ಆಯ್ದು ತಿನ್ನೋಣವೆಂದು ಕ್ರಮವಾಗಿ ಒಬ್ಬೊಬ್ಬರೂ ಚಿಂತಿಸುತ್ತಾರೆ. ಗ್ರಂಥದಲ್ಲಿ ಇಷ್ಟೇ ನಡೆಯುವುದು. ಯಾರೂ ಕೊಡಲಿಯನ್ನು ಎತ್ತಲಿಲ್ಲ, ಒಂದು ಎಲೆಯೂ ಅಲುಗಲಿಲ್ಲ. ಮನಸ್ಸಿನಲ್ಲಿ ಹುಟ್ಟಿದ ಆ ಮಾತನ್ನೇ ಆಚಾರ್ಯರು ಲೇಶ್ಯೆಯ ಕರ್ಮವೆಂದರು. ಚಿತ್ರಕಾರನಿಗೆ ಈ ಸೌಕರ್ಯವಿಲ್ಲ. ಚಿಂತನೆಯನ್ನು ಬರೆಯಬಲ್ಲ ಕುಂಚವಿಲ್ಲವಾದುದರಿಂದ ಅವನು ಚಿಂತನೆಗೆ ಕೈಕಾಲು ಕೊಡಬೇಕಾಯಿತು. ಮನೋವ್ಯಾಪಾರ ದೇಹವ್ಯಾಪಾರವಾಯಿತು.

ಇದನ್ನು ದೋಷವೆನ್ನಬಹುದೆ? ಒಂದು ದೃಷ್ಟಿಯಿಂದ ಇದು ಗುಣವೇ ಸರಿ. ಓಲೆಗರಿಯ ಹಸ್ತಪ್ರತಿಗೂ ಭಿತ್ತಿಗೂ ಇರುವ ಭೇದವನ್ನು ನೆನೆದರೆ ಇದು ಸ್ಪಷ್ಟವಾದೀತು. ಕಂಟದಿಂದ ಕೊರೆದು ಮಸಿ ತೀಡಿದ ಓಲೆಯಲ್ಲಿ ಅಕ್ಷರಕ್ಕೆ ಇರುವುದು ಒಂದೇ ಬಣ್ಣ. ಕೇಶವಣ್ಣನು 1359ರಲ್ಲಿ ಮುಗಿಸಿದ ಕನ್ನಡವೃತ್ತಿಯಾದ ಜೀವತತ್ತ್ವಪ್ರದೀಪಿಕೆಯಲ್ಲಿ ಸೂಕ್ಷ್ಮವಿಷಯಗಳನ್ನು ಕಣ್ಣಿಗೆ ತೋರಿಸುವ ಸಾಧನ ಸಂದೃಷ್ಟಿ, ಎಂದರೆ ಅಂಕಗಳ ಮತ್ತು ಚಿಹ್ನೆಗಳ ವಿನ್ಯಾಸ. ಒಂದೊಂದು ಲೇಶ್ಯೆಗೂ ಜಘನ್ಯ ಮಧ್ಯಮ ಉತ್ಕೃಷ್ಟವೆಂಬ ಭೇದದಿಂದ 18, ಆಯುರ್ಬಂಧಕ್ಕೆ ಯೋಗ್ಯವಾದ ಮಧ್ಯಮಾಂಶಗಳು 8, ಒಟ್ಟು 26 ಅಂಶಗಳು. ಅವುಗಳೊಳಗೆ ಷಟ್‌ಸ್ಥಾನಗಳ ವೃದ್ಧಿಹಾನಿಗಳು. ಗಣಿತವನ್ನು ಬಲ್ಲವನಿಗೆ ಇದು ಹಸ್ತಾಮಲಕ. ಮಠಕ್ಕೆ ಬಂದ ಯಾತ್ರಿಕನಿಗೆ ಅಲ್ಲ. ಆತನು ಮರವನ್ನು ಬಲ್ಲ, ಹಸಿವನ್ನು ಬಲ್ಲ, ಹಣ್ಣಿಗಾಗಿ ಕೊಂಬೆ ಮುರಿದ ತನ್ನ ಬಾಲ್ಯವನ್ನು ಬಲ್ಲ. ಚಿತ್ರದ ಮುಂದೆ ನಿಂತ ಅವನು 'ಇವರಲ್ಲಿ ನಾನು ಯಾರು?' ಎಂದು ಕೇಳಿಕೊಳ್ಳದೆ ಇರಲಾರ. ಚಾವುಂಡರಾಯನ ಪ್ರಶ್ನೆ ಹೀಗೆ ಅಕ್ಷರ ಬಾರದವನ ಪ್ರಶ್ನೆಯೂ ಆಯಿತು. ಗ್ರಂಥದಲ್ಲಿ ಮರದ ಜಾತಿ ಹೇಳಿಲ್ಲ. ಶ್ವೇತಾಂಬರ ಪರಂಪರೆಯಲ್ಲಿ ಜಂಬೂಫಲದ, ಬೇರೆ ಕಡೆ ಮಾವಿನ ಮಾತು ರೂಢಿಗೆ ಬಂದುದಕ್ಕೆ ಕಾರಣ ಇದೇ: ಒಬ್ಬೊಬ್ಬ ನೋಟಕನೂ ತಾನು ಬಲ್ಲ ಮರವನ್ನೇ ಅಲ್ಲಿ ನೆಡುತ್ತಾನೆ.

ಆದರೆ ಬಣ್ಣದ ವಿಷಯದಲ್ಲಿ ಇಷ್ಟು ಉದಾರವಾಗಿರಲು ಸಾಧ್ಯವಿಲ್ಲ. ಮನುಷ್ಯನ ಮೈಗೆ ಕಪ್ಪು ಬಳಿದು ಅವನ ಕೈಯಲ್ಲಿ ಕೊಡಲಿಯನ್ನಿಟ್ಟರೆ, ನೋಡುವ ಬಾಲಕನು ಕಲಿಯುವುದೇನು? ಕಪ್ಪುಮೈಯವನು ಪಾಪಿ, ಬೆಳ್ಳನೆಯವನು ಪುಣ್ಯವಂತ ಎಂದಲ್ಲವೆ? ಇಂದು ಪಾಠಶಾಲೆಗಳ ಭಿತ್ತಿಪಟಗಳಲ್ಲಿಯೂ ಮಕ್ಕಳ ಪುಸ್ತಕಗಳಲ್ಲಿಯೂ ಈ ಚಿತ್ರ ಯಾವ ವಿವರಣೆಯೂ ಇಲ್ಲದೆ ಮರುಮುದ್ರಣಗೊಳ್ಳುತ್ತಿರುವುದರಿಂದ ಇದು ಉಪೇಕ್ಷಿಸತಕ್ಕ ಮಾತಲ್ಲ. ಶಾಸ್ತ್ರದ ನಿಲುವು ಇದಕ್ಕೆ ತೀರ ವಿರುದ್ಧವಾಗಿದೆ. ನಾರಕರ ಶರೀರ ಕೃಷ್ಣವರ್ಣದ್ದು. ಕಲ್ಪವಾಸಿ ದೇವರ ಶರೀರವರ್ಣ ಅವರ ಭಾವಲೇಶ್ಯೆಗೆ ಅನುಗುಣವಾದುದು. ಮನುಷ್ಯರಲ್ಲಿ ಮತ್ತು ತಿರ್ಯಂಚರಲ್ಲಿ ಆರೂ ದ್ರವ್ಯಲೇಶ್ಯೆಗಳುಂಟು. ಮನುಷ್ಯನ ಮೈಬಣ್ಣದಿಂದ ಅವನ ಭಾವವನ್ನು ಅನುಮಾನಿಸಲು ಗ್ರಂಥ ಎಲ್ಲಿಯೂ ಎಡೆಗೊಟ್ಟಿಲ್ಲ. ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆಂದರೆ ಮುನಿಸುವ್ರತ ಮತ್ತು ನೇಮಿನಾಥ ತೀರ್ಥಂಕರರನ್ನು ನೆನೆಯಬಹುದು. ಶ್ಯಾಮವರ್ಣದ ಆ ಜಿನೇಂದ್ರರನ್ನು ಪೂಜಿಸುವ ಸಮಾಜವು ಕಪ್ಪು ಮೈಯನ್ನು ಪಾಪದ ಸಂಕೇತವಾಗಿ ಓದುವುದೆಂದರೆ ಅದು ತನ್ನ ಬಸದಿಯನ್ನೇ ಮರೆತಂತೆ.

ಚಿತ್ರದ ಇನ್ನೊಂದು ಮಿತಿ ಸಂಕ್ರಮಕ್ಕೆ ಸಂಬಂಧಿಸಿದುದು. ಮನುಷ್ಯನ ಭಾವಲೇಶ್ಯೆ ನಿಂತ ನೀರಲ್ಲ. ಸಂಕ್ಲೇಶದಿಂದ ಇಳಿಯುತ್ತದೆ, ವಿಶುದ್ಧಿಯಿಂದ ಏರುತ್ತದೆ. ಗೋಡೆಯ ಮೇಲಿನ ಆರು ಜನರಾದರೋ ಆರು ಜನರಾಗಿಯೇ ಉಳಿಯುತ್ತಾರೆ. ಬುಡ ಕಡಿಯುವವನು ಎಂದೆಂದೂ ಬುಡವನ್ನೇ ಕಡಿಯುತ್ತಿರಬೇಕು. ಈ ತೊಡಕಿಗೆ ಪರಿಹಾರವಿಲ್ಲದಿಲ್ಲ. ಹೊಸದಾಗಿ ಈ ಚಿತ್ರವನ್ನು ಬರೆಸುವವರು ಆರು ಜನರಿಗೂ ಒಂದೇ ಮುಖವನ್ನು ಬರೆಸಲಿ. ಬಣ್ಣವನ್ನು ಮೈಗೆ ಬಳಿಯದೆ ಉಡುವ ವಸ್ತ್ರಕ್ಕೆ ಕೊಡಲಿ. ವಸ್ತ್ರವನ್ನು ಬದಲಿಸಬಹುದು ಎಂಬುದು ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಒಬ್ಬನೇ ಮನುಷ್ಯನು ಒಂದೇ ದಿನದಲ್ಲಿ ಕೊಡಲಿಯಿಂದ ಉದುರಿದ ಹಣ್ಣಿನವರೆಗೆ ಬರಬಹುದೆಂಬ ಭರವಸೆ ಆಗ ಚಿತ್ರದಲ್ಲಿ ಮೂಡೀತು. ಹಳೆಯ ಭಿತ್ತಿಯನ್ನು ಮಾತ್ರ ತಿದ್ದಕೂಡದು. ಅದು ತನ್ನ ಕಾಲದ ಸಾಕ್ಷಿ. ಅದರ ಪಕ್ಕದಲ್ಲಿ ಗ್ರಂಥದ ಎರಡು ಅಧಿಕಾರಗಳ ಅರ್ಥವನ್ನು ಸರಳವಾದ ಕನ್ನಡದಲ್ಲಿ ಬರೆದು ತೂಗುಹಾಕಿದರೆ ಸಾಕು.

ಕೊನೆಯದಾಗಿ, ಚಿತ್ರದಲ್ಲಿ ಇಲ್ಲದಿರುವ ಒಬ್ಬನ ವಿಚಾರ. ಉದುರಿದ ಹಣ್ಣನ್ನು ಆಯುವವನೇ ಈ ದೃಶ್ಯದ ಆದರ್ಶವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಆರು ಜನರಲ್ಲಿ ಹಣ್ಣು ಬೇಡವೆಂದವನು ಒಬ್ಬನೂ ಇಲ್ಲ. ಶುಕ್ಲಲೇಶ್ಯೆಯೂ ಲೇಶ್ಯೆಯೇ, ಬಿಳಿಯೂ ಬಣ್ಣವೇ. ಅದು ಸಯೋಗಕೇವಲಿಯವರೆಗೆ ಉಂಟು. ಅಯೋಗಕೇವಲಿಗಳೂ ಸಿದ್ಧರೂ ಲೇಶ್ಯೆಯನ್ನು ಕಳೆದವರು. ಆ ಏಳನೆಯವನನ್ನು ಯಾವ ಬಣ್ಣದಿಂದ ಬರೆಯುವುದು? ನಮ್ಮ ಬಸದಿಗಳ ಲೋಹಶಿಲ್ಪಿಗಳು ಇದಕ್ಕೆ ಉತ್ತರವನ್ನು ಕಂಡುಕೊಂಡಿದ್ದರು. ಲೋಹದ ಫಲಕದಲ್ಲಿ ಪುರುಷಾಕಾರವನ್ನು ಕತ್ತರಿಸಿ ತೆಗೆದು, ಉಳಿದ ಬಯಲನ್ನೇ ಸಿದ್ಧಪ್ರತಿಮೆಯೆಂದು ಪೂಜೆಗಿಟ್ಟರು. ಲೇಶ್ಯಾವೃಕ್ಷದ ಚಿತ್ರವನ್ನು ನೋಡಿದವನು ಅಲ್ಲಿಗೇ ನಿಲ್ಲದೆ ಆ ಪ್ರತಿಮೆಯ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು. ಆರು ಬಣ್ಣಗಳಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ದೊರೆಯುವುದು ಬಣ್ಣವಿಲ್ಲದ ಆ ಬಯಲಿನಲ್ಲಿ.